ಮಣ್ಣಿನ ಗೋಡೆ, ಮರದ ಮಾಡು: ಹಳೆಯ ಅಡುಗೆಮನೆಯನ್ನು ಬೆಂಕಿಯಿಂದ ಕಾಯುವ ದುರಸ್ತಿ

ಸಾಗರ ತಾಲೂಕಿನ ನಮ್ಮ ಮನೆಯ ಗೋಡೆಗಳು ಕೆಮ್ಮಣ್ಣನ್ನು ಕಲಸಿ, ತುಳಿದು, ಪದರ ಪದರವಾಗಿ ಏರಿಸಿದಂಥವು. ದಪ್ಪ ಒಂದೂವರೆ ಅಡಿ. ಅಡುಗೆಮನೆ ಮತ್ತು ಬಚ್ಚಲುಮನೆಗಳನ್ನು ಈ ಬೇಸಿಗೆಯಲ್ಲಿ ದುರಸ್ತಿ ಮಾಡಿಸುವಾಗ, ಬೆಂಕಿಯ ಅಪಾಯವನ್ನು ಕಡಿಮೆ ಮಾಡುವುದನ್ನೇ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡೆವು. ಯಾವ ಭಾಗವನ್ನು ಏಕೆ ಬದಲಿಸಿದೆವು, ಯಾವ ಅಳತೆಗಳನ್ನು ಹಿಡಿದೆವು, ಏನು ಬಾಕಿ ಉಳಿದಿದೆ ಎಂಬುದನ್ನು ಇಂಥದೇ ಮನೆಯಲ್ಲಿ ವಾಸಿಸುವವರಿಗೆ ನೆರವಾಗಲೆಂದು ಬರೆದಿಡುತ್ತಿದ್ದೇನೆ. ಮಣ್ಣು ಸುಡುವುದಿಲ್ಲ ಎಂಬ ಮಾತು ನಿಜವೇ. ಆದರೆ ಅದೇ ಮಾತನ್ನು ನಂಬಿಕೊಂಡು ನಾವು ತೊಲೆ, ಜಂತೆ (ಅಟ್ಟ ಹೊರುವ ಅಡ್ಡಮರ), ಪಕಾಸಿ (ಮಾಡಿನ ಇಳಿಜಾರು ಮರ), ರೀಪು (ಹಂಚು ಕೂರುವ ಪಟ್ಟಿ), ಅಟ್ಟದ ಹಲಗೆ, ಅದರ ಮೇಲೆ ಒಟ್ಟಿದ ಅಡಕೆ ಹಾಳೆ ಮತ್ತು ಚೀಲಗಳನ್ನು ಮರೆತುಬಿಡುತ್ತೇವೆ. ಮಣ್ಣಿನ ಮನೆಯಲ್ಲಿ ಬೆಂಕಿಯನ್ನು ಹುಡುಕಬೇಕಾದುದು ಮರವು ಮಣ್ಣನ್ನು ಹೊಗುವ ಸಂಧಿಗಳಲ್ಲಿ ಮತ್ತು ಬಿಸಿಯು ಮರದ ಹತ್ತಿರ ಸುಳಿಯುವ ಜಾಗಗಳಲ್ಲಿ. ನಮ್ಮ ಕೆಲಸವೆಲ್ಲ ಆ ಕೆಲವೇ ಜಾಗಗಳಲ್ಲಿ ನಡೆಯಿತು.

ಸುಟ್ಟಿದ್ದ ತೊಲೆಯ ತುದಿ

ಒಲೆಯ ಹಿಂದಿನ ಗೋಡೆಯ ಗಿಲಾವನ್ನು ಕೆತ್ತಿದಾಗ ಮೊದಲು ಕಾಣಿಸಿದ್ದು ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ. ಎಂಟು ಅಂಗುಲ ಚದರದ ಆ ತೊಲೆಯ ಒಂದು ಪಕ್ಕ ಸುಮಾರು ಎರಡು ಅಂಗುಲ ಆಳದವರೆಗೆ ಇದ್ದಲಾಗಿ, ಚೌಕ ಚೌಕವಾಗಿ ಬಿರುಕು ಬಿಟ್ಟಿತ್ತು. ಮನೆಗೆ ಎಂದೂ ಬೆಂಕಿ ಬಿದ್ದುದಿಲ್ಲ. ಹಿಂದೆ ಯಾವಾಗಲೋ ಹಾಕಿದ್ದ ತಗಡಿನ ಹೊಗೆಕೊಳವೆ ಆ ತೊಲೆಯಿಂದ ನಾಲ್ಕೇ ಅಂಗುಲ ದೂರದಲ್ಲಿ ಹಾದುಹೋಗಿತ್ತು, ನಡುವಿನ ಸಂದನ್ನು ಮಣ್ಣು ಮೆತ್ತಿ ಮುಚ್ಚಲಾಗಿತ್ತು.

ಇದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಮರವು ಸಾಮಾನ್ಯವಾಗಿ 250ರಿಂದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತದೆ. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಮರ ನಿಧಾನವಾಗಿ ತನ್ನ ಗುಣವನ್ನು ಕಳೆದುಕೊಂಡು ಇದ್ದಲಾಗುತ್ತ ಬರುತ್ತದೆ; ಹಾಗೆ ಬದಲಾದ ಮರ ಮೊದಲಿಗಿಂತ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಮಣ್ಣು ಸುಡುವುದಿಲ್ಲವಾದರೂ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಮುಂದಕ್ಕೆ ದಾಟಿಸುತ್ತದೆ. ಕೊಳವೆ ಮತ್ತು ಮರದ ನಡುವಿನ ಸಂದನ್ನು ಮಣ್ಣಿನಿಂದ ತುಂಬಿದರೆ ರಕ್ಷಣೆಯಾಯಿತೆಂದು ನಮ್ಮ ಕಡೆ ಬಹಳ ಜನ ಭಾವಿಸುತ್ತಾರೆ. ತೆರೆದ ಸಂದಿನಲ್ಲಿ ಗಾಳಿ ಆಡುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ತುಂಬಿದ ಸಂದಿನಲ್ಲಿ ಮರಕ್ಕೆ ತಣಿಯಲು ಅವಕಾಶವೇ ಸಿಗುವುದಿಲ್ಲ. ತೊಲೆಯ ತುದಿ ಗೋಡೆಯೊಳಗೆ ಇರುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ಹಳೆಯ ಮಣ್ಣಿನ ಮನೆ ಇರುವವರು ಬೇರೇನನ್ನೂ ಮಾಡದಿದ್ದರೂ, ಒಲೆಯ ಹಿಂದಿನ ಮತ್ತು ಮೇಲಿನ ಮರದ ತುದಿಗಳನ್ನು ಒಮ್ಮೆ ಬಿಡಿಸಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ತೊಲೆಗೆ ಎರಡು ಕಡೆ ಆಸರೆ ಕಂಬ ಕೊಟ್ಟು, ಇದ್ದಲಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಬಾಚಿಯಿಂದ ಕೆತ್ತಿ ತೆಗೆದೆವು. ತೊಲೆ ಪೂರ್ತಿ ಬದಲಿಸಬೇಕೆಂದು ಬಡಗಿಯವರು ಮೊದಲು ಹೇಳಿದರೂ, ಉಳಿದ ಭಾಗ ಬಲವಾಗಿದ್ದುದರಿಂದ, ಗೋಡೆಗೆ ತಾಗಿದಂತೆ ಕೆಳಗಿನಿಂದ ಜಂಬಿಟ್ಟಿಗೆಯ ಕಂಬವೊಂದನ್ನು ಕಟ್ಟಿ ತೊಲೆಯ ಭಾರವನ್ನು ಅದರ ಮೇಲೆ ಕೂರಿಸಲಾಯಿತು. ಚಿಮಣಿಯನ್ನು ಆ ಮೂಲೆಯಿಂದಲೇ ಎತ್ತಿ, ತೊಲೆಗಳಿಲ್ಲದ ಪಕ್ಕದ ಗೋಡೆಗೆ ಸಾಗಿಸಿದೆವು.

ಒಲೆ ಮತ್ತು ಚಿಮಣಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹಲವರು ನೋಡಿರಬಹುದು. ಉರಿಯನ್ನು ಮುಚ್ಚಿದ ಗೂಡಿನೊಳಗಿಟ್ಟು, ಪಾತ್ರೆಗಳ ಕೆಳಗೆ ಹಾಯಿಸಿ, ಹೊಗೆಯನ್ನು ಚಿಮಣಿಯಿಂದ ಹೊರಹಾಕುವ ಅದೇ ತತ್ತ್ವವನ್ನು ಅನುಸರಿಸಿ ನಾವು ಎರಡು ಬಾಯಿಯ ಒಲೆಯನ್ನು ಕಟ್ಟಿದೆವು. ಸೌದೆಯ ಉಳಿತಾಯ ಮತ್ತು ಹೊಗೆಯ ನಿವಾರಣೆಯ ಕಾರಣಕ್ಕೆ ಈ ಒಲೆ ಹೆಸರಾದರೂ, ಉರಿಯ ನಾಲಿಗೆ ಹೊರಚಾಚುವುದಿಲ್ಲ, ಕಿಡಿ ಮೇಲಕ್ಕೆ ಹಾರುವುದಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಲಾಭವಾಗಿ ಕಂಡಿತು. ಒಲೆಯ ಬಾಯಿಗೆ ಕಬ್ಬಿಣದ ಮುಚ್ಚಳವನ್ನೂ, ಅದರ ಮುಂದೆ ಒಂದೂವರೆ ಅಡಿ ಅಗಲದ ಕಲ್ಲುಚಪ್ಪಡಿಯನ್ನೂ ಹಾಕಿದೆವು.

ಚಿಮಣಿ ಬಂದ ಕೂಡಲೇ ಹೊಸದೊಂದು ಅಪಾಯವೂ ಬರುತ್ತದೆ. ಹಸಿ ಸೌದೆ ಉರಿಸಿದರೆ ಅದರ ಒಳಮೈಗೆ ಎಣ್ಣೆಯಂಥ ಮಸಿ ಕಟ್ಟಿಕೊಳ್ಳುತ್ತದೆ. ಆ ಮಸಿಯೇ ಹೊತ್ತಿಕೊಂಡರೆ ಒಳಗಿನ ಬಿಸಿ 1000 ಡಿಗ್ರಿಯನ್ನು ದಾಟಬಲ್ಲದು. ತೆಳುವಾದ ತಗಡಿನ ಕೊಳವೆ ಅಂಥ ಬೆಂಕಿಯನ್ನು ತಡೆಯಲಾರದು. ಆದ್ದರಿಂದ ಒಳಗೆ ಆರಂಗುಲ ಚದರದ ರಂಧ್ರವಿರುವಂತೆ, ಸುಟ್ಟ ಇಟ್ಟಿಗೆಯಲ್ಲಿ ಚಿಮಣಿಯನ್ನು ಕಟ್ಟಿಸಿದೆವು. ಬಿಸಿ ತಾಗುವ ಭಾಗದ ಕಟ್ಟಣೆಗೆ ಜರಡಿ ಹಿಡಿದ ಮಣ್ಣು ಮತ್ತು ಮರಳಿನ ಗಾರೆ, ಮಾಡಿನಿಂದ ಮೇಲೆ ಮಳೆಗೆ ಒಡ್ಡಿಕೊಳ್ಳುವ ಭಾಗಕ್ಕೆ ಸುಣ್ಣದ ಗಾರೆ. ಸಿಮೆಂಟ್ ಗಾರೆಯೇ ಗಟ್ಟಿಯೆಂದು ಮೇಸ್ತ್ರಿಯವರು ಸಲಹೆ ಮಾಡಿದ್ದರು. ಆದರೆ 400 ಡಿಗ್ರಿ ದಾಟಿದ ಮೇಲೆ ಸಿಮೆಂಟಿನ ಬಂಧ ಸಡಿಲಗೊಂಡು ಪುಡಿಯಾಗತೊಡಗುತ್ತದೆ, ಮಣ್ಣಿನ ಗಾರೆಯಾದರೋ ಬಿಸಿಗೆ ಇನ್ನಷ್ಟು ಬೇಯುತ್ತದೆ. ಚಿಮಣಿಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿಯೊಂದನ್ನು ಬಿಟ್ಟು ಅದಕ್ಕೆ ಬಿಗಿಯಾದ ಕಬ್ಬಿಣದ ಬಾಗಿಲು ಇಡಲಾಗಿದೆ. ಆ ಕಿಂಡಿ ಇಲ್ಲದಿದ್ದರೆ ಯಾರೂ ಚಿಮಣಿಯನ್ನು ಶುಚಿ ಮಾಡುವುದಿಲ್ಲ.

ಚಿಮಣಿ ಮುಚ್ಚಿಗೆಯನ್ನು, ಅಂದರೆ ಕೋಣೆಯ ಮೇಲಿನ ಹಲಗೆಯ ಹಾಸನ್ನು, ಸೀಳಿ ಮೇಲೇರುವ ಜಾಗವೇ ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದುದು. ಇಟ್ಟಿಗೆಯ ಚಿಮಣಿಗೂ ಮರಕ್ಕೂ ನಡುವೆ ಕನಿಷ್ಠ ಎರಡು ಅಂಗುಲ ಖಾಲಿ ಜಾಗವಿರಬೇಕೆಂದು, ಒಂಟಿ ತಗಡಿನ ಕೊಳವೆಯಾದರೆ ಹದಿನೆಂಟು ಅಂಗುಲ ಬೇಕೆಂದು ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆಯೊಂದರ ಎನ್‌ಎಫ್‌ಪಿಎ 211 ಎಂಬ ಮಾನದಂಡ ಹೇಳುತ್ತದೆ. ನಮ್ಮಲ್ಲಿ ಚಿಮಣಿಯ ದಾರಿಗೆ ಒಂದು ಜಂತೆ ಅಡ್ಡ ಬಂದಿತ್ತು. ಅದನ್ನು ಕತ್ತರಿಸಿ, ಎರಡೂ ಪಕ್ಕದ ಜಂತೆಗಳಿಗೆ ಅಡ್ಡ ತೊಲೆ ಕೂಡಿಸಿ, ತುಂಡಾದ ಜಂತೆಯ ತುದಿಗಳನ್ನು ಅದಕ್ಕೆ ಸೇರಿಸಿ, ಸುತ್ತಲೂ ನಾಲ್ಕು ಅಂಗುಲ ಬಿಡುವಿರುವ ಚೌಕವನ್ನು ಮಾಡಿದೆವು. ಆ ಬಿಡುವನ್ನು ತುಂಬಲಿಲ್ಲ. ಕೆಳಗಿನಿಂದ ಉರಿ ಅಟ್ಟಕ್ಕೆ ನುಗ್ಗದಂತೆ ಮುಚ್ಚಿಗೆಯ ಮಟ್ಟದಲ್ಲಿ ಮಾತ್ರ ತಗಡನ್ನು ಕತ್ತರಿಸಿ ಸುತ್ತಲೂ ಜಡಿಯಲಾಯಿತು. ಅಟ್ಟದಲ್ಲಿ ಯಾರೂ ಚೀಲ, ಹಾಳೆ ಒರಗಿಸದಂತೆ ಚಿಮಣಿಯ ಸುತ್ತ ಕಬ್ಬಿಣದ ಜಾಲರಿಯ ಬೇಲಿಯೂ ಇದೆ. ಹಂಚಿನ ಮಾಡಿನಿಂದ ಮೇಲೆ ಮೂರು ಅಡಿ ಏರಿಸಿ, ತುದಿಗೆ ಕಿಡಿ ತಡೆಯುವ ಬಲೆ ಹಾಕಿದೆವು.

ಮಣ್ಣಿನ ಮುಚ್ಚಿಗೆ

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಜಂತೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ ಇರುತ್ತಿತ್ತು. ಮೇಲಿನ ಸೋಗೆಯ (ಅಡಕೆ ಗರಿಯ) ಮಾಡಿಗೆ ಬೆಂಕಿ ಬಿದ್ದರೂ ಕೆಳಗಿನ ಜನ ಮತ್ತು ದವಸ ಉಳಿಯಲಿ ಎಂಬುದು ಅದರ ಒಂದು ಉದ್ದೇಶವೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಮ್ಮ ಮನೆಗೆ ಹಂಚು ಬಂದ ಮೇಲೆ ಭಾರ ಕಡಿಮೆಯಾಗಲೆಂದು ಅಡುಗೆಮನೆಯ ಮೇಲಿನ ಮಣ್ಣನ್ನು ಕೆತ್ತಿ ತೆಗೆಯಲಾಗಿತ್ತು, ಬರೀ ಹಲಗೆ ಉಳಿದಿತ್ತು. ಅದನ್ನು ಮತ್ತೆ ಹಾಕಲು ನಿರ್ಧರಿಸಿದೆವು.

ಎಂಥ ಮಣ್ಣು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಹುಲ್ಲು ಅಥವಾ ಉಮಿ ಬೆರೆಸಿದರೆ ಮಣ್ಣು ಬಿರುಕು ಬಿಡುವುದಿಲ್ಲ, ಹಗುರವೂ ಆಗುತ್ತದೆ; ಆದರೆ ಹೆಚ್ಚು ಬೆರೆಸಿದಷ್ಟೂ ಅದು ಸುಡುವ ವಸ್ತುವಿನ ಕಡೆಗೆ ವಾಲುತ್ತದೆ. ಜರ್ಮನಿಯ ಡಿಐಎನ್ 4102 ಮಾನದಂಡದ ಪ್ರಕಾರ, ಹುಲ್ಲು ಬೆರೆತ ಮಣ್ಣಿನ ಸಾಂದ್ರತೆ ಘನ ಮೀಟರಿಗೆ 1700 ಕಿಲೋಗ್ರಾಂಗಿಂತ ಕಡಿಮೆಯಿಲ್ಲದಿದ್ದರೆ ಅದನ್ನು ಸುಡದ ವಸ್ತು ಎಂದು ಪರಿಗಣಿಸಲಾಗುತ್ತದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಒಳಗೆ ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರವಿರುವ ಮರದ ಅಚ್ಚಿನಲ್ಲಿ ಮಣ್ಣನ್ನು ತುಂಬಿ, ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕುಗ್ಗಿದ ಮೇಲಿನ ಅಳತೆ ಹಿಡಿದು, ತೂಕ ಮಾಡಿದರಾಯಿತು; ಒಂದು ಲೀಟರ್ ಗಾತ್ರ 1.7 ಕಿಲೋ ತೂಗಬೇಕು. ಸ್ವಲ್ಪವೇ ಹುಲ್ಲಿನ ಚೂರು ಹಾಕಿದ ನಮ್ಮ ಮಿಶ್ರಣ 1.78 ಕಿಲೋ ಬಂದಿತು. ಅರ್ಧದಷ್ಟು ಉಮಿ ಬೆರೆಸಿದ್ದು 1.2 ಕಿಲೋ.

ಎರಡನ್ನೂ ಬಚ್ಚಲ ಒಲೆಯ ಕೆಂಡದಲ್ಲಿ ಹೂತಿಟ್ಟು ನೋಡಿದೆವು. ಭಾರದ ಅಚ್ಚು ಹೊರಮೈಯಲ್ಲಿ ಕೆಂಪಾಯಿತು, ಒಡೆದು ನೋಡಿದಾಗ ಒಳಗಿನ ಹುಲ್ಲು ಹಳದಿಯಾಗಿಯೇ ಇತ್ತು. ದಟ್ಟವಾದ ಮಣ್ಣಿನೊಳಗೆ ಗಾಳಿ ಸುಳಿಯದ ಕಾರಣ ಹುಲ್ಲು ಸುಡಲು ಬೇಕಾದ ಆಮ್ಲಜನಕವೇ ಅದಕ್ಕೆ ದೊರೆಯುವುದಿಲ್ಲ. ಉಮಿಯ ಅಚ್ಚು ಜ್ವಾಲೆಯನ್ನು ತೋರದಿದ್ದರೂ, ಕೆಂಡದಿಂದ ಹೊರತೆಗೆದ ಮೇಲೂ ಅಂಚಿನಿಂದ ಒಳಕ್ಕೆ ಬಹಳ ಹೊತ್ತು ಹೊಗೆಯಾಡುತ್ತಲೇ ಇತ್ತು. ಹಲ್ಲುಜ್ಜಲು ಮನೆಯಲ್ಲೇ ಉಮಿಕರಿ ಮಾಡಿಕೊಳ್ಳುತ್ತಿದ್ದ ಹಿರಿಯರಿಗೆ ಇದು ಹೊಸ ವಿಷಯವಲ್ಲ; ಉಮಿಯ ರಾಶಿ ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಮುಚ್ಚಿಗೆಯೊಳಗೆ ಹಾಗೆ ಬೇಯುವ ಬೆಂಕಿ, ಎದ್ದು ಉರಿಯುವ ಬೆಂಕಿಗಿಂತ ಭಯಂಕರವಾದುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗಾಗಿ ಚಿಮಣಿಯ ಸುತ್ತ ನಾಲ್ಕು ಅಡಿ ದೂರದವರೆಗೆ ಉಮಿಯನ್ನು ಪೂರ್ತಿ ಬಿಟ್ಟು, ಮೂರು ಅಂಗುಲ ದಪ್ಪಕ್ಕೂ ಭಾರದ ಮಣ್ಣನ್ನೇ ಹಾಕಿದೆವು. ಉಳಿದೆಡೆ ಎರಡು ಅಂಗುಲ ಉಮಿ ಮಣ್ಣು, ಅದರ ಮೇಲೆ ಒಂದು ಅಂಗುಲ ಭಾರದ ಮಣ್ಣು. ಭಾರದ ಲೆಕ್ಕವನ್ನು ಮೊದಲೇ ಹಾಕದೆ ಇಂಥ ಕೆಲಸಕ್ಕೆ ಯಾರೂ ಕೈಹಾಕಬಾರದು: ಒಲೆಯ ಮೇಲಿನ ಭಾಗದಲ್ಲಿ ಚದರ ಮೀಟರಿಗೆ ಸುಮಾರು 135 ಕಿಲೋ, ಬೇರೆಡೆ ಸುಮಾರು 105 ಕಿಲೋ ಮಣ್ಣಿನ ಭಾರವೇ ಬೀಳುತ್ತದೆ, ಹಲಗೆ ಮತ್ತು ಅಟ್ಟದ ಸಾಮಾನು ಬೇರೆ. ನಮ್ಮ ಜಂತೆಗಳು ನಾಲ್ಕು ಅಂಗುಲ ಅಗಲ, ಆರು ಅಂಗುಲ ಎತ್ತರ. ನಡುವೆ ಒಂದೂವರೆ ಅಡಿ ಅಂತರ, ಉದ್ದ ಹತ್ತು ಅಡಿ. ಗಟ್ಟಿಮರಕ್ಕೆ ಈ ಭಾರ ಹೆಚ್ಚಲ್ಲ. ಆದರೂ ಪ್ರತಿಯೊಂದನ್ನೂ ಸುತ್ತಿಗೆಯಿಂದ ಬಡಿದು, ಗೋಡೆಗೆ ಸೇರುವಲ್ಲಿ ಉಳಿಯಿಂದ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದ ಎರಡನ್ನು ಬದಲಿಸಿದೆವು.

ದಪ್ಪ ಮರದ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಗಟ್ಟಿಮರ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಂತೆ ಇದ್ದಲಾಗುತ್ತ ಹೋಗುತ್ತದೆ. ಹೊರಗಿನ ಇದ್ದಲು ಒಳಗಿನ ಮರವನ್ನು ಕಾಯುತ್ತದೆ. ಅರ್ಧ ಗಂಟೆ ಉರಿದರೂ ನಾಲ್ಕು ಅಂಗುಲ ಅಗಲದ ಜಂತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉಳಿದಿರುತ್ತದೆ, ಮನೆಯವರು ಹೊರಬರಲು ಸಮಯ ಸಿಗುತ್ತದೆ. ಅದೇ ಒಂದು ಅಂಗುಲದ ರೀಪು ಆ ಹೊತ್ತಿಗೆ ಇದ್ದಲಾಗಿಬಿಡುತ್ತದೆ, ಹಂಚು ತಲೆಯ ಮೇಲೆ ಬೀಳತೊಡಗುತ್ತದೆ. ಮುಚ್ಚಿಗೆಯ ಬೆಲೆ ತಿಳಿಯುವುದು ಆಗ.

ಮಣ್ಣು ಮೇಲಿನಿಂದ ಬರುವ ಬೆಂಕಿಯನ್ನು ತಡೆದರೂ ಕೆಳಗಿನಿಂದ ಹಲಗೆ ಬೆತ್ತಲೆಯಾಗಿಯೇ ಇರುತ್ತದೆ. ಒಲೆಯ ನೇರ ಮೇಲಿನ ಭಾಗದಲ್ಲಿ ಹಲಗೆಯಿಂದ ಒಂದು ಅಂಗುಲ ಕೆಳಗೆ, ಕಬ್ಬಿಣದ ಕೊಳವೆಯ ತುಂಡುಗಳ ಆಧಾರದಲ್ಲಿ ತಗಡನ್ನು ತೂಗುಹಾಕಿದೆವು; ನಡುವೆ ಗಾಳಿಯಾಡಲು ನಾಲ್ಕೂ ಅಂಚು ತೆರೆದಿವೆ. ಅದಕ್ಕೂ ಮೊದಲು ದಶಕಗಳ ಇಲ್ಲಣವನ್ನು (ಹೊಗೆಯ ಮಸಿಯನ್ನು) ಕೆರೆದು, ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಲಾಯಿತು. ಉಪ್ಪಾಗೆ ಮತ್ತು ಮುರುಗಲು ಸಿಪ್ಪೆ ಒಣಗಿಸಲು ಒಲೆಯ ಮೇಲಿದ್ದ ಬಿದಿರಿನ ತಟ್ಟೆಯನ್ನು ಬಿಡಲು ಅಮ್ಮ ಒಪ್ಪಲಿಲ್ಲ. ಮಳೆಗಾಲದಲ್ಲಿ ಅವರಿಗೆ ಬೇರೆ ದಾರಿಯೂ ಇಲ್ಲ. ಅದರ ಬದಲು ಕಬ್ಬಿಣದ ಸರಳಿನ ತಟ್ಟೆಯನ್ನು ಮಾಡಿಸಿ, ಒಲೆಯ ಪಕ್ಕಕ್ಕೆ ಸರಿಸಿ, ಚಿಮಣಿಯ ಬಿಸಿ ಮಾತ್ರ ತಾಗುವಂತೆ ಇಟ್ಟಿದ್ದೇವೆ.

ಬಚ್ಚಲ ಒಲೆ

ಮಲೆನಾಡಿನ ಮನೆಗಳಲ್ಲಿ ಅಡುಗೆಯ ಒಲೆಗಿಂತ ಬಚ್ಚಲ ಒಲೆಯನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಅಡುಗೆಯ ಒಲೆಯ ಮುಂದೆ ಯಾರಾದರೂ ಇರುತ್ತಾರೆ. ಹಂಡೆಯ ಒಲೆಗೆ ಉದ್ದನೆಯ ಕುಂಟೆಯನ್ನು ತುರುಕಿ, ಅಡಕೆ ಸಿಪ್ಪೆ ಒಟ್ಟಿ, ತೋಟಕ್ಕೆ ಹೋಗಿಬಿಡುತ್ತೇವೆ. ಕುಂಟೆ ಉರಿಯುತ್ತ ಬಂದು ಹೊರಗಿನ ತುದಿ ತೂಕ ತಪ್ಪಿ ಬೀಳುತ್ತದೆ. ನಮ್ಮಲ್ಲಿ ಆ ಒಲೆಯ ಮಗ್ಗುಲಲ್ಲೇ ಸೌದೆಯ ಕೊಟ್ಟಿಗೆ ಇತ್ತು. ಸೌದೆಯನ್ನು ಅಂಗಳದ ಆಚೆಗೆ ಸಾಗಿಸಿ, ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಒಳಗಿಡಲು ಕಲ್ಲಿನ ಗೂಡು ಕಟ್ಟಿದೆವು. ಒಲೆಯ ಬಾಯಿಯನ್ನು ಚಿಕ್ಕದು ಮಾಡಿ ಕಬ್ಬಿಣದ ಬಾಗಿಲು ಇಟ್ಟೆವು. ಬಾಗಿಲು ಮುಚ್ಚುವಷ್ಟು ಗಿಡ್ಡವಾಗಿ ಸೌದೆ ಕಡಿಯಬೇಕೆಂಬುದು ಈಗ ಮನೆಯ ನಿಯಮ. ಬೂದಿ ತುಂಬಲು ಮರದ ಪೆಟ್ಟಿಗೆ ಇದ್ದಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿ ಬಂದಿದೆ. ಬೂದಿಯೊಳಗಿನ ಕೆಂಡ ಒಂದೆರಡು ದಿನಗಳ ಮೇಲೂ ಜೀವ ಹಿಡಿದಿರುತ್ತದೆ, ಕೊಟ್ಟಿಗೆಯ ಗೊಬ್ಬರದ ಗುಂಡಿಗೆ ಅದನ್ನು ಬಿಸಿಯಾಗಿಯೇ ಸುರಿಯಬಾರದು.

ಅನಿಲ ಮತ್ತು ವಿದ್ಯುತ್ತು

ಅಡುಗೆ ಅನಿಲ ಗಾಳಿಗಿಂತ ಭಾರವಾದುದು, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಹಳೆಯ ಮನೆಗಳ ಎತ್ತರದ ಹೊಸ್ತಿಲು ಅದನ್ನು ಹೊರಹೋಗಲು ಬಿಡುವುದಿಲ್ಲ, ಕಿಟಕಿ ತೆರೆದಿದ್ದರೂ ಪ್ರಯೋಜನವಾಗುವುದಿಲ್ಲ. ಹೊರಗೋಡೆಯ ಬುಡದಲ್ಲಿ, ನೆಲದ ಮಟ್ಟಕ್ಕೆ ಸರಿಯಾಗಿ, ಆರು ಅಂಗುಲದ ಎರಡು ಕಿಂಡಿಗಳನ್ನು ಕೊರೆದು, ಹಾವು ಇಲಿ ಬಾರದಂತೆ ಜಾಲರಿ ಹಾಕಿದೆವು. ಮಣ್ಣಿನ ಗೋಡೆಯ ಬುಡ ನೀರು ಕುಡಿಯದಂತೆ ಕಿಂಡಿಯ ಸುತ್ತ ಜಂಬಿಟ್ಟಿಗೆಯ ಚೌಕಟ್ಟು ಕೂರಿಸಲಾಗಿದೆ. ಅನಿಲದ ಒಲೆ ಮತ್ತು ಸಿಲಿಂಡರನ್ನು ಸೌದೆ ಒಲೆಯಿರುವ ಕೋಣೆಯಿಂದಲೇ ತೆಗೆದು, ಹೊರಬಾಗಿಲಿರುವ ಪಕ್ಕದ ಕೋಣೆಗೆ ಸಾಗಿಸಿದೆವು. ರಬ್ಬರ್ ಕೊಳವೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆಯ ದೂರಿಗೆ 1906, ಅಗ್ನಿಶಾಮಕದವರಿಗೆ 101 ಅಥವಾ 112 ಎಂದು ಬಾಗಿಲ ಪಕ್ಕದಲ್ಲಿ ದೊಡ್ಡದಾಗಿ ಬರೆದಿದ್ದೇವೆ.

ವಿದ್ಯುತ್ತಿನ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಿದೆವು. ಮರದ ಪಟ್ಟಿಯೊಳಗಿನ ಹಳೆಯ ತಂತಿಗಳನ್ನು ಅಟ್ಟದಲ್ಲಿ ಇಲಿಗಳು ಕಡಿದಿದ್ದವು, ಫ್ಯೂಸಿನಲ್ಲಿ ಯಾರೋ ದಪ್ಪ ತಾಮ್ರದ ತಂತಿ ಕಟ್ಟಿದ್ದರು. ಎಲ್ಲವನ್ನೂ ತೆಗೆದು, ಕೊಳವೆಯೊಳಗೆ ಹೊಸ ತಂತಿ ಎಳೆದು, ಹೆಚ್ಚು ವಿದ್ಯುತ್ತು ಹರಿದರೆ ತಾನೇ ಕಡಿಯುವ ಎಂಸಿಬಿಗಳನ್ನೂ, ವಿದ್ಯುತ್ತು ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನೂ ಹಾಕಲಾಯಿತು. ಮಣ್ಣಿನ ಗೋಡೆಗೆ ಸಂಬಂಧಿಸಿದ ಒಂದು ಮಾತು ಮಾತ್ರ ವಿಶೇಷವಾಗಿ ಹೇಳಬೇಕು: ಮಣ್ಣಿನಲ್ಲಿ ತಿರುಪು ನಿಲ್ಲುವುದಿಲ್ಲ. ಪ್ಲಗ್ ಎಳೆದಾಗಲೆಲ್ಲ ಪೆಟ್ಟಿಗೆ ಅಲುಗಾಡಿ, ತಂತಿಯ ಬಿಗಿ ಸಡಿಲವಾಗಿ, ಅಲ್ಲಿ ಕಿಡಿ ಹುಟ್ಟುತ್ತದೆ. ಆದ್ದರಿಂದ ಪ್ರತಿಯೊಂದು ಸ್ವಿಚ್ಚಿನ ಪೆಟ್ಟಿಗೆಯ ಜಾಗದಲ್ಲೂ ಗೋಡೆಯನ್ನು ಕೆತ್ತಿ, ಸುಣ್ಣದ ಗಾರೆಯಲ್ಲಿ ಸುಟ್ಟ ಇಟ್ಟಿಗೆ ಕೂರಿಸಿ, ಪೆಟ್ಟಿಗೆಯನ್ನು ಅದಕ್ಕೆ ಬಿಗಿದೆವು.

ಪರೀಕ್ಷೆ ಮತ್ತು ಬಾಕಿ ಕೆಲಸ

ಗಾರೆ ಪೂರ್ತಿ ಒಣಗಿದ ಮೇಲೆ ಎರಡು ಗಂಟೆ ಜೋರಾಗಿ ಉರಿ ಹಾಕಿ, ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಮಾಪಕದಿಂದ ನೋಡಿದೆವು. ಮುಚ್ಚಿಗೆಯ ಮಟ್ಟದಲ್ಲಿ ಚಿಮಣಿಯ ಹೊರಮೈ 68 ಡಿಗ್ರಿ, ಅದಕ್ಕೆ ಹತ್ತಿರದ ಜಂತೆ 38 ಡಿಗ್ರಿ ಇತ್ತು. ಮುಟ್ಟಿದರೆ ಕೈಗೆ ಬೆಚ್ಚಗಾಗುವಷ್ಟು ಮಾತ್ರ. ಚಿಮಣಿಯ ಗಿಲಾವಿನಲ್ಲಿ ಕೂದಲೆಳೆಯ ಬಿರುಕುಗಳು ಕಾಣಿಸಿದವು; ತೆಳ್ಳಗಿನ ಮಣ್ಣಿನ ನೀರನ್ನು ಕುಂಚದಿಂದ ಹಚ್ಚಿ ಮುಚ್ಚಿದೆವು. ಬಿರುಕಿನಿಂದ ಹೊಗೆ ಬರುತ್ತಿದೆಯೇ ಎಂದು ಅಟ್ಟವನ್ನು ಕತ್ತಲು ಮಾಡಿ ಟಾರ್ಚಿನ ಬೆಳಕಿನಲ್ಲಿ ಹುಡುಕುವುದು ಒಳ್ಳೆಯ ವಿಧಾನ.

ಒಂದು ಎಬಿಸಿ ಪುಡಿಯ ಅಗ್ನಿಶಾಮಕವನ್ನು ಒಲೆಯ ಪಕ್ಕದಲ್ಲಿಡದೆ ಬಾಗಿಲ ಬಳಿ ತೂಗುಹಾಕಿದ್ದೇವೆ. ಜೊತೆಗೆ ಎರಡು ಬಕೆಟ್ ಮರಳು ಮತ್ತು ಒದ್ದೆ ಮಾಡಲು ಗೋಣಿಚೀಲಗಳು. ಬೆಂಕಿ ಆರಿಸಲು ನೀರು ಹಾಕಬೇಕಾಗಿ ಬಂದರೆ ಜೀವ ಉಳಿಸುವುದೇ ಮೊದಲು, ಗೋಡೆಯ ಚಿಂತೆ ಆಮೇಲೆ. ಆದರೆ ಬೆಂಕಿ ಆರಿದ ಮೇಲೆ ನಿಂತ ನೀರನ್ನು ಕೂಡಲೇ ಹೊರಹಾಕಬೇಕು, ನೆನೆದ ಗೋಡೆಯ ಹತ್ತಿರ ಯಾರೂ ನಿಲ್ಲಬಾರದು. ಉರಿಗೆ ಕುಸಿಯದ ಮಣ್ಣಿನ ಗೋಡೆ ಬುಡ ನೆನೆದರೆ ಕುಸಿಯುತ್ತದೆ.

ಹೊರಗಿನ ಕೆಲಸದಲ್ಲಿ ಅರ್ಧ ಉಳಿದಿದೆ. ಮಳೆಯ ಇರಚಲು ಗೋಡೆಗೆ ಬಡಿಯದಂತೆ ಪಡುವಣ ಬದಿಗೆ ನಾವು ಕಟ್ಟುವ ಸೋಗೆ ತಟ್ಟಿಯನ್ನು ಬೇಸಿಗೆಯವರೆಗೂ ಹಾಗೆಯೇ ಬಿಡುವ ವಾಡಿಕೆ ಇತ್ತು. ಫೆಬ್ರವರಿ ಬರುವ ಹೊತ್ತಿಗೆ ಆ ತಟ್ಟಿ ಗರಿಗರಿಯಾಗಿ ಒಣಗಿರುತ್ತದೆ, ಬೆಟ್ಟದ ದರಕಿಗೆ (ಉದುರಿದ ಒಣ ಎಲೆಗೆ) ಬೆಂಕಿ ಬೀಳುವ ಕಾಲವೂ ಅದೇ. ಈ ವರ್ಷದಿಂದ ದೀಪಾವಳಿಯ ಒಳಗೆ ಅದನ್ನು ಬಿಚ್ಚುವುದೆಂದು ಗೊತ್ತು ಮಾಡಿದ್ದೇವೆ. ಕೊಟ್ಟಿಗೆಯ ಸೋಗೆ ಮಾಡಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹೊಡೆಯುವ ಸಲಹೆ ಬಂದಿತ್ತು, ಆದರೆ ಅದು ನಮ್ಮ ಮಳೆಗೆ ತೊಳೆದುಹೋಗುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಡಾಂಬರು ಬೆರೆಸಿದ ಮಣ್ಣಿನ ಲೇಪ ಇದಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ನಮ್ಮ ಕೊಟ್ಟಿಗೆಯ ಪಕಾಸಿಗಳು ಆ ಭಾರವನ್ನು ಹೊರುವಂತಿಲ್ಲ. ಪಕಾಸಿಗಳನ್ನು ಬದಲಿಸಿ ಹಂಚು ಹೊದಿಸುವುದೇ ಸರಿಯೆಂದು ತೀರ್ಮಾನಿಸಿದ್ದೇವೆ. ಅಲ್ಲಿಯವರೆಗೆ ಹುಲ್ಲಿನ ಬಣವೆಯನ್ನು ಕೊಟ್ಟಿಗೆಯಿಂದ ದೂರದ ಗದ್ದೆಯ ಅಂಚಿಗೆ ಸಾಗಿಸಿ, ನಡುವಿನ ದರಕನ್ನೆಲ್ಲ ಗುಡಿಸಿ ತೆಗೆದಿದ್ದೇವೆ.